ಹನ್ನೆರಡರ ಒಳಗಿನ ಸಾಕ್ಷಿ

ಮನೆಯಿಂದ,
ಮಂಗಳವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಮೊಣಕಾಲಿನ ಬಾವು ಇಳಿಯಿತೇ? ವಾರ್ಡಿನ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತುತ್ತೀಯ ಎಂದು ಕೇಳಿದರೆ ನೀನು ನಗುತ್ತೀಯೇ ಹೊರತು ಉತ್ತರ ಕೊಡುವುದಿಲ್ಲ. ಐವತ್ತಾಯಿತು, ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಎತ್ತುವ ಜಂಬ ಇನ್ನಾದರೂ ಬಿಡು. ಭಾವನ ಕೆಮ್ಮು ಹೇಗಿದೆ? ಸಿಗರೇಟು ಬಿಟ್ಟೆ ಎಂದು ಅವರು ಹೇಳಿದರೆ ಒಮ್ಮೆ ಅಂಗಿಯ ಜೇಬು ಮೂಸಿ ನೋಡು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಮೇಲೆ ಮಂಗಳವಾರ ಎಂದು ಹಾಕಿದ್ದೇನಲ್ಲ, ಆವತ್ತು ಬರೆದದ್ದು ಅಷ್ಟೇ. ಇವತ್ತು ಶುಕ್ರವಾರ. ನಡುವಿನ ಮೂರು ದಿನ ಈ ಹಾಳೆ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಿದ್ದಿತ್ತು. ತಾರೀಖು ತಿದ್ದಬಹುದಿತ್ತು, ಆದರೆ ನಿನ್ನ ಹತ್ತಿರ ಮುಚ್ಚಿಡುವುದೇನು? ಅಪ್ಪ ನನಗೆ 'ಅರೆಬರೆ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅರ್ಧ ತಿಂದ ತಟ್ಟೆ, ಒಂದೇ ಕಾಲಿನ ಚಪ್ಪಲಿ, ಅರ್ಧ ಹೇಳಿ ಎಲ್ಲಿಗೋ ಹೋದ ಮಾತು. ನೀನು ಹಿಂದೆಯೇ ಬಂದು ಎಲ್ಲವನ್ನೂ ಎತ್ತಿಡುತ್ತಿದ್ದೆ. ಈಗ ಆ ಕೆಲಸ ನನ್ನವಳ ಪಾಲಿಗೆ ಬಂದಿದೆ, ಅವಳಿಗೆ ನಿನ್ನಷ್ಟು ತಾಳ್ಮೆ ಇಲ್ಲ, ಇರಲಿ ಎಂದು ಕೇಳುವ ಮುಖವೂ ನನಗಿಲ್ಲ.

ಫೋನಿನಲ್ಲಿ ನಿನಗೆ ಅಷ್ಟಿಷ್ಟು ಹೇಳಿದ್ದೆ. ಪೂರ್ತಿ ಹೇಳಿರಲಿಲ್ಲ. ಹೋದ ವರ್ಷ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮಷೀನಿಗೆ ನನ್ನ ತೋರುಬೆರಳಿನ ತುದಿ ಸಿಕ್ಕಿತಲ್ಲ, ಅದು ಮಷೀನಿನ ತಪ್ಪು ಎಂದಿದ್ದೆ. ಮಷೀನು ಸರಿಯಾಗಿಯೇ ಇತ್ತು. ಅಲಗು ಓಡುತ್ತಿರುವಾಗ ನಾನು ಮೇಲಿನ ಕೊಳವೆದೀಪದ ಮಿಣುಕನ್ನು ನೋಡುತ್ತಾ ನಿಂತಿದ್ದೆ. ಆವತ್ತು ಬ್ಯಾಂಡೇಜು ಕಟ್ಟಿದ ನರ್ಸಮ್ಮ ನಾಲ್ಕು ಪ್ರಶ್ನೆ ಕೇಳಿ, "ಇದು ಎಡಿಎಚ್‌ಡಿ ಇರಬಹುದು, ಒಮ್ಮೆ ತೋರಿಸಿಕೊಳ್ಳಿ" ಅಂದರು. ಗಮನ ಒಂದು ಕಡೆ ನಿಲ್ಲದ ತೊಂದರೆಯಂತೆ, ಚಿಕ್ಕಂದಿನಿಂದಲೇ ಇರುತ್ತದಂತೆ. ನಲವತ್ತೆರಡು ವರ್ಷ ನಾನು ಸೋಮಾರಿ, ಬೇಜವಾಬ್ದಾರಿ ಎಂದು ನಂಬಿದ್ದವನಿಗೆ ಅದಕ್ಕೊಂದು ಹೆಸರಿದೆ, ಮಾತ್ರೆಯೂ ಇದೆ ಎಂದರೆ ಹೇಗಾಗಬೇಡ? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದಲ್ಲಿದ್ದವರು ಬೆರಳಿನ ನೋವಿಗೆ ಎಂದುಕೊಂಡು ನೀರು ಕೊಟ್ಟರು.

ಅಲ್ಲಿಂದ ಶುರುವಾಯಿತು ನೋಡು ನನ್ನ ಡಾಕ್ಟರ್ ಯಾತ್ರೆ. ಮೊದಲನೆಯವರು ನಮ್ಮ ಬೀದಿಯ ಗಡಿಯಾರದ ಡಾಕ್ಟರು. ಮಾತಾಡುವಾಗ ಕೈಗಡಿಯಾರ ನೋಡುತ್ತಲೇ ಇರುತ್ತಾರೆ, ಅದಕ್ಕೆ ಆ ಹೆಸರು. "ದೊಡ್ಡೋರಿಗೆ ಇದೆಲ್ಲ ಬರಲ್ಲ ಕಣ್ರೀ, ಇದು ಮಕ್ಕಳ ಕಾಯಿಲೆ. ಫೋನ್ ನೋಡೋದು ಕಡಿಮೆ ಮಾಡಿ, ಬೆಳಿಗ್ಗೆ ವಾಕಿಂಗ್ ಹೋಗಿ" ಅಂದರು. ವಾಕಿಂಗಿಗೆ ಹೋದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ಬಿಟ್ಟು ಹೋದೆ. ಎರಡನೆಯವರು ದೊಡ್ಡ ಆಸ್ಪತ್ರೆಯ ಮನೋವೈದ್ಯರು. ನಾನು ಬಾಯಿ ತೆರೆಯುವ ಮೊದಲೇ ಅವರ ಚೀಟಿ ಬರೆದಾಗಿತ್ತು. "ನಿಮಗೆ ಇರೋದು ಬೇಸರದ ಕಾಯಿಲೆ, ಅದು ಹೋದ್ರೆ ಗಮನ ತಾನಾಗೇ ಬರುತ್ತೆ" ಅಂದರು. ಬೇಸರ ಬಂದದ್ದೇ ಗಮನ ಇಲ್ಲದ್ದರಿಂದ ಸ್ವಾಮಿ ಎಂದು ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಮುಂದಿನವರನ್ನು ಕರೆದಿದ್ದರು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ಆ ಮಾತ್ರೆ ತಿಂದ ಎರಡು ತಿಂಗಳು ನಾನು ನಡೆದಾಡುವ ಹಾಸಿಗೆಯಾಗಿದ್ದೆ. ಆಗಲೇ ಎಡತೋಳಿನ ಪ್ರಕರಣ ನಡೆದದ್ದು. ನಿನಗೆ ಅಪ್ಪನ ಕತ್ತರಿ ಮೇಜಿನ ಪಾಠ ನೆನಪಿರಬೇಕು. ಅಂಗಿಯ ತೋಳು ಕತ್ತರಿಸುವಾಗ ಬಟ್ಟೆಯನ್ನು ಮುಖಕ್ಕೆ ಮುಖ ಕೊಟ್ಟು ಹಾಸಬೇಕು, ಆಗ ಒಂದೇ ಅಚ್ಚಿನಿಂದ ಎಡ ಬಲ ಎರಡೂ ಬರುತ್ತವೆ. ಎಲ್ಲ ಪದರವನ್ನೂ ಒಂದೇ ಮುಖವಾಗಿ ಹಾಸಿದರೆ ಎಲ್ಲವೂ ಒಂದೇ ಕೈಯದಾಗುತ್ತವೆ. ಈ ಮಾತನ್ನು ಅಪ್ಪ ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ. ಇಪ್ಪತ್ತು ವರ್ಷ ತಪ್ಪಿರಲಿಲ್ಲ. ಆವತ್ತು ಆಸ್ಪತ್ರೆಯ ಬಿಳಿ ಕೋಟುಗಳ ಕೆಲಸ. ಒಂದೇ ಏಟಿಗೆ ಎಂಬತ್ತು ಎಡತೋಳು ಕತ್ತರಿಸಿ ಇಟ್ಟೆ. ಎರಡೂ ಕೈ ಎಡಗೈಯಾದ ಡಾಕ್ಟರಿದ್ದರೆ ಸರಿಹೋಗುತ್ತಿತ್ತು, ಅಂಥ ಇಬ್ಬರನ್ನು ನಾನೇ ನೋಡಿ ಬಂದಿದ್ದೆ. ಮೇಸ್ತ್ರಿ ಬೈಯಲಿಲ್ಲ ಅಕ್ಕಾ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಂದು ತೋಳನ್ನು ಎತ್ತಿ ತನ್ನ ಬಲಗೈಗೆ ಹಿಡಿದು ನೋಡಿ, "ನಿಮ್ಮಪ್ಪನ ಕೈ ಕೆಳಗೆ ಕಲಿತೋನು ನಾನು. ಇನ್ನೊಂದು ಸಲ ಹೀಗಾದ್ರೆ ನಿನ್ನ ಮೇಜಿನಿಂದ ತೆಗೆದು ಪ್ಯಾಕಿಂಗಿಗೆ ಹಾಕ್ಬೇಕಾಗುತ್ತೆ" ಅಂದ. ಡಬ್ಬಿಗೆ ಟೇಪು ಹಚ್ಚುವ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ನನಗೆ ಬರುವ ವಿದ್ಯೆ ಇದೊಂದೇ.

ಮೂರನೆಯವರು ಸಣ್ಣ ಡಾಕ್ಟರಮ್ಮ. ನಮ್ಮ ಮಗಳಿಗಿಂತ ಹತ್ತೇ ವರ್ಷ ದೊಡ್ಡವರಿರಬೇಕು. ಮುಕ್ಕಾಲು ಗಂಟೆ ಕೇಳಿದರು, ಒಮ್ಮೆಯೂ ಗಡಿಯಾರ ನೋಡಲಿಲ್ಲ. ಎಡತೋಳಿನ ಕಥೆಗೆ ನಕ್ಕರು, ಆಮೇಲೆ ಕ್ಷಮೆ ಕೇಳಿದರು. ಅವರು ಕೊಟ್ಟ ಮೊದಲ ಮಾತ್ರೆಗೆ ವಾಕರಿಕೆ ಬಂತು, ಬದಲಾಯಿಸಿದರು. ಎರಡನೆಯದಕ್ಕೆ ಎದೆ ಹೊಡೆದುಕೊಂಡಿತು, ಅರ್ಧಕ್ಕೆ ಇಳಿಸಿದರು. ಅರೆಬರೆಗೆ ಅರ್ಧ ಮಾತ್ರೆಯೇ ಸರಿ ಎಂದು ನನ್ನವಳು ಹಾಸ್ಯ ಮಾಡಿದಳು. ಆ ಅರ್ಧ ಹಿಡಿಯಿತು ಅಕ್ಕಾ. ಹೇಗೆ ಹೇಳಲಿ ನಿನಗೆ. ಕಾರ್ಖಾನೆಯಲ್ಲಿ ಹೊಲಿಗೆ ಮಷೀನುಗಳೆಲ್ಲ ಒಟ್ಟಿಗೆ ಓಡುತ್ತಿದ್ದು ಇದ್ದಕ್ಕಿದ್ದಂತೆ ಕರೆಂಟು ಹೋದಾಗ ಒಂದು ಮೌನ ಬರುತ್ತದಲ್ಲ, ತಲೆಯೊಳಗೆ ಅಂಥದ್ದು ಬಂತು. ಐದು ವಾರ ನಾನು ಒಂದು ತುಂಡು ಬಟ್ಟೆಯನ್ನೂ ಕೆಡಿಸಲಿಲ್ಲ. ಒಂದು ಸಂಜೆ ನನ್ನವಳು ತನ್ನ ತಂಗಿಯ ಮನೆಯ ವಿಷಯ ಏನೋ ಹೇಳಿ ಮುಗಿಸಿ ಸುಮ್ಮನೆ ನನ್ನನ್ನೇ ನೋಡುತ್ತಾ ಕೂತಳು. ಏನಾಯಿತು ಎಂದೆ. "ನಾನು ಹೇಳಿದ್ದು ಪೂರ್ತಿ ಕೇಳಿಸ್ಕೊಂಡ್ರಿ, ಇದೇ ಮೊದಲು" ಅಂದಳು. ಹದಿನೆಂಟು ವರ್ಷದ ಸಂಸಾರ ನಮ್ಮದು.

ಆರನೆಯ ವಾರ ಹೋದರೆ ಡಾಕ್ಟರಮ್ಮ ಇರಲಿಲ್ಲ. ಬೇರೆ ಆಸ್ಪತ್ರೆಗೆ ಹೋಗಿದ್ದರು, ಎಲ್ಲಿಗೆಂದು ಯಾರೂ ಹೇಳಲಿಲ್ಲ. ಅವರ ಕುರ್ಚಿಯಲ್ಲಿ ಕೂತವರು ಫೈಲಿನ ಡಾಕ್ಟರು. ಒಂದು ಸಲವೂ ನನ್ನ ಮುಖ ನೋಡದೆ ಫೈಲಿನ ಜೊತೆಯೇ ಮಾತಾಡಿದರು. "ಯಾರು ಶುರು ಮಾಡಿದ್ದು ಇದನ್ನ? ಬಾಲ್ಯದ ಸಾಕ್ಷಿ ಎಲ್ಲಿ?" ಅಂದರು. ಈ ತೊಂದರೆ ಹನ್ನೆರಡು ವಯಸ್ಸಿನ ಒಳಗೇ ಇತ್ತು ಎನ್ನುವುದಕ್ಕೆ ಶಾಲೆಯ ವರದಿಯೋ ಮನೆಯ ಹಿರಿಯರ ಬರಹವೋ ಬೇಕಂತೆ. ಇಲ್ಲದಿದ್ದರೆ ಇಂಥ ಮಾತ್ರೆ ಬರೆಯುವ ಹಾಗಿಲ್ಲವಂತೆ, ಮಾತ್ರೆಯ ಚಟಕ್ಕೆ ಬರುವವರು ಬಹಳ ಮಂದಿಯಂತೆ. ಆ ಮಾತು ಹೇಳುವಾಗ ಮಾತ್ರ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಕೆಲಸ ಮಾಡಲು ಮಾತ್ರೆ ಕೇಳುತ್ತಿದ್ದವನು, ಕಳ್ಳನ ಹಾಗೆ ನಿಲ್ಲಬೇಕಾಯಿತು. ಮಾತ್ರೆ ಅಲ್ಲಿಗೇ ನಿಂತಿತು. ಒಂಬತ್ತು ವಾರವಾಯಿತು.

ನಡುವೆ ಎರಡು ಸಲ ಕರೆದಿದ್ದರು, ಎರಡು ಸಲವೂ ಮರೆತೆ. ಎರಡು ಸಲ ತಪ್ಪಿಸಿದವರ ಹೆಸರು ಹೊಡೆದು ಹಾಕುತ್ತಾರಂತೆ. ಮರೆವಿಗೆ ಔಷಧಿ ಕೊಡುವ ಕಡೆ ಮರೆತವರಿಗೆ ಜಾಗವಿಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎನ್ನುವುದು ನನ್ನ ವಿಷಯದಲ್ಲಿ ಅಕ್ಷರಕ್ಕೆ ಅಕ್ಷರ ನಿಜವಾಯಿತು. ನನ್ನವಳು ಹೋಗಿ ಕೌಂಟರಿನಲ್ಲಿ ಕೈಮುಗಿದು ಬರುವ ಇಪ್ಪತ್ತೆಂಟಕ್ಕೆ ಕೊನೆಯ ಸರದಿ ಬರೆಸಿಕೊಂಡು ಬಂದಿದ್ದಾಳೆ. ಜೊತೆಗೆ ಎಂಟು ಪುಟದ ಫಾರಂ ಕೊಟ್ಟಿದ್ದಾರೆ. ಅದರಲ್ಲೊಂದು ಪ್ರಶ್ನೆ, ಉದ್ದದ ಫಾರಂಗಳನ್ನು ಪೂರ್ತಿ ತುಂಬುವುದು ನಿಮಗೆ ಕಷ್ಟವೇ ಎಂದು. ಅಲ್ಲಿಗೆ ಬರುವಷ್ಟರಲ್ಲಿ ನಾನು ಎದ್ದು ಹೋಗಿ ನಲ್ಲಿ ರಿಪೇರಿ ಮಾಡುತ್ತಿದ್ದೆ. ಇನ್ನೊಂದು ಪ್ರಶ್ನೆ, ಬಾಲ್ಯದಲ್ಲಿ ನಿಮ್ಮ ಈ ಸ್ವಭಾವದಿಂದ ಬೇರೆಯವರಿಗೆ ನಷ್ಟವಾಗಿತ್ತೇ ಎಂದು. ಅದನ್ನು ಖಾಲಿ ಬಿಟ್ಟಿದ್ದೆ.

ಹೋದ ಭಾನುವಾರ ಅಮ್ಮನ ತಗಡಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಶಾಲೆಯ ವರದಿಗಳಿಗೆ ಹುಡುಕಿದೆ. ಒಂದೂ ಇರಲಿಲ್ಲ. ಹೇಗಿರುತ್ತವೆ? ನಾನು ಯಾವುದನ್ನು ಮನೆಗೆ ತಲುಪಿಸಿದ್ದೆ? ನಿನ್ನ ಅಂಕಪಟ್ಟಿಗಳು ಮಾತ್ರ ಒಂದೂ ಮಡಿಕೆಯಾಗದೆ ಹಾಗೇ ಇವೆ. ಎಲ್ಲದರಲ್ಲೂ ಮೊದಲನೆಯ ದರ್ಜೆ. ಅವನ್ನು ನೋಡಿ, ನರ್ಸಿಂಗ್ ತರಬೇತಿಗೆ ಕರೆ ಬರದೇ ಹೋದಾಗ ನೀನು ಹೇಳುತ್ತಿದ್ದದ್ದು ನೆನಪಾಯಿತು. "ನನ್ನ ಅಂಕ ಸಾಲಲಿಲ್ಲ ಬಿಡು." ಅಮ್ಮ ಕೇಳಿದರೂ ಅದೇ, ನೆರೆಯವರು ಕೇಳಿದರೂ ಅದೇ. ಮರುವರ್ಷ ಮತ್ತೆ ಅರ್ಜಿ ಹಾಕು ಎಂದು ಅಪ್ಪ ಅಂದಾಗ, ಒಮ್ಮೆ ಬೇಡ ಅಂದವರ ಬಾಗಿಲನ್ನು ಮತ್ತೆ ತಟ್ಟುವುದಿಲ್ಲ ಎಂದು ನೀನು ಆಸ್ಪತ್ರೆಯ ಆಯಾ ಕೆಲಸಕ್ಕೆ ಸೇರಿದೆ. ಅದೇ ವಾರ್ಡಿನಲ್ಲಿ ನರ್ಸುಗಳ ಹಿಂದೆ ಬಕೆಟ್ಟು ಹಿಡಿದು ಮೂವತ್ತೆರಡು ವರ್ಷ.

ಅಪ್ಪ ಅಮ್ಮ ಇಲ್ಲ. ಮೇಷ್ಟರುಗಳು ಯಾರೂ ಉಳಿದಿಲ್ಲ. ನನ್ನನ್ನು ಹನ್ನೆರಡರ ಒಳಗೆ ಕಂಡವಳು ಈ ಭೂಮಿಯ ಮೇಲೆ ನೀನೊಬ್ಬಳೇ. ನಾನು ಹೇಗಿದ್ದೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಇಪ್ಪತ್ತೆಂಟರ ಒಳಗೆ ಕಳಿಸುತ್ತೀಯಾ ಎಂದು ಕೇಳುವುದಕ್ಕೇ ಈ ಕಾಗದ ಶುರು ಮಾಡಿದ್ದು. ನನಗೆ ನಿಜವಾಗಿ ಸಾಕಾಗಿದೆ ಅಕ್ಕಾ. ಆ ಐದು ವಾರ ಬರದೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು, ಎಲ್ಲರ ತಲೆಯೂ ಹೀಗೇ ಎಂದುಕೊಂಡಿರುತ್ತಿದ್ದೆ. ಈಗ ಗೊತ್ತಾಗಿಬಿಟ್ಟಿದೆ. ಬೆಳಿಗ್ಗೆ ಮೇಜಿನ ಮುಂದೆ ನಿಂತು ಒಂದೊಂದು ಪದರವನ್ನೂ ಮೂರು ಸಲ ಎತ್ತಿ ನೋಡುತ್ತೇನೆ, ನೋಡಿದೆನೋ ಇಲ್ಲವೋ ಎಂದು ನಾಲ್ಕನೆಯ ಸಲ ನೋಡುತ್ತೇನೆ. ಮೇಸ್ತ್ರಿ ದೂರದಿಂದ ನನ್ನನ್ನು ನೋಡಿ ತಲೆ ತಗ್ಗಿಸುತ್ತಾನೆ. ನನ್ನವಳು ಮತ್ತೆ ಅರ್ಧ ಮಾತು ಆಡುವುದನ್ನು ರೂಢಿ ಮಾಡಿಕೊಂಡಿದ್ದಾಳೆ.

ಭಾವನಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳಿಗೆ ಮಾವನ ಆಶೀರ್ವಾದ, ಹುಟ್ಟುಹಬ್ಬಗಳನ್ನು ಮರೆತ ಮಾವನೆಂದು ಬೇಸರ ಬೇಡ. ಕಾಲಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಮ್ಮ,
ಅರೆಬರೆ

ಮರೆತಿದ್ದೆ ಎಂದು ಬರೆಯಬೇಕು, ಆದರೆ ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ನನ್ನ ಹಳೆಯ ಶಾಲೆಯ ಚೀಲ ಸಿಕ್ಕಿತು, ಅಪ್ಪನ ಪ್ಯಾಂಟಿನ ಬಟ್ಟೆಯಲ್ಲಿ ನೀನು ಹೊಲಿದುಕೊಟ್ಟದ್ದು. ಪಟ್ಟಿ ಕಿತ್ತುಹೋಗಿದೆ. ಸರಿಮಾಡಿಸೋಣ ಎಂದು ಅಮ್ಮ ಒಳಗಿಟ್ಟವಳು ಮರೆತಿರಬೇಕು, ಬಹುಶಃ ನಾನು ಅವಳನ್ನೇ ಹೋಲುತ್ತೇನೆ. ಹೊರಜೇಬಿನಲ್ಲಿ ಒಂದು ಉದ್ದ ಲಕೋಟೆ ಇದೆ. ಅಂಚೆಚೀಟಿ ಹಚ್ಚಿದೆ, ಮುದ್ರೆ ಬಿದ್ದಿಲ್ಲ. ನಿನ್ನ ದುಂಡು ಅಕ್ಷರದಲ್ಲಿ ನರ್ಸಿಂಗ್ ಶಾಲೆಯ ವಿಳಾಸ. ನನಗಾಗ ಹನ್ನೊಂದು. ಶಾಲೆಗೆ ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕು ಎಂದು ನೀನು ಕೊಟ್ಟಿದ್ದೆ. ಸಂಜೆ "ಹಾಕಿದ್ಯಾ?" ಎಂದು ನೀನು ಕೇಳಿದ್ದೆ, ಹಾಕಿದೆ ಎಂದು ನಾನು ಅಂದಿದ್ದೆ. ಸುಳ್ಳು ಹೇಳಿರಲಿಲ್ಲ ಅಕ್ಕಾ. ಹಾಕಬೇಕು ಎಂದುಕೊಂಡದ್ದೇ ಹಾಕಿದ ಹಾಗೆ ತಲೆಯಲ್ಲಿ ಕೂತಿತ್ತು. ನಿನ್ನ ಅಂಕ ಸಾಲದೇ ಹೋಗಲಿಲ್ಲ. ಅವರು ನಿನ್ನನ್ನು ಬೇಡ ಎನ್ನಲೂ ಇಲ್ಲ. ಅವರಿಗೆ ನೀನು ಇದ್ದೀಯ ಎಂದೇ ಗೊತ್ತಾಗಲಿಲ್ಲ. ಫೈಲಿನ ಡಾಕ್ಟರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ, ತೋರಿಸಿದರೆ ನಾಳೆಯೇ ಮಾತ್ರೆ ಬರೆದಾರು. ತೋರಿಸುವುದಿಲ್ಲ. ಇದು ನಿನ್ನದು, ಒಡೆಯದೆ ಇದರ ಜೊತೆಗೇ ಇಟ್ಟಿದ್ದೇನೆ. ಮುಖಕ್ಕೆ ಮುಖ ಕೊಟ್ಟು ಹೇಳಬೇಕಿತ್ತು, ಆಗಲಿಲ್ಲ. ಇಷ್ಟು ಓದಿದ ಮೇಲೂ ನನ್ನ ಬಗ್ಗೆ ಬರೆಯಬೇಕು ಅನ್ನಿಸಿದರೆ ಬರೆ, ಅನ್ನಿಸದಿದ್ದರೆ ಬೇಡ. ಕಾಗದವನ್ನು ನನ್ನವಳ ಕೈಗೆ ಕೊಡುತ್ತೇನೆ. ನಾನೇ ಡಬ್ಬಿಗೆ ಹಾಕುತ್ತೇನೆ ಎಂದು ಹೇಳುವ ಧೈರ್ಯ ನನಗಿಲ್ಲ.