ಹಿಮ ಗಟ್ಟಿಯಾಗಿದೆ ಎಂದವನ ವರದಿ

ಅಕ್ಕ ಮೆರೆಸೀನಿಗೆ, ನಿನ್ನ ತಮ್ಮನ ಪ್ರೀತಿ.

ಮಾರುಕಟ್ಟೆಗೆ ಹೋಗುವ ಲಾರಿ ಬರುವ ಮುಂಚೆ ಇದನ್ನು ಪೂರ್ತಿ ಕೇಳು. ಫೋನಿನಲ್ಲಿ ತುಂಡು ತುಂಡಾಗಿ ಮಾತಾಡಿ ಕಳಿಸುತ್ತಿದ್ದೇನೆ, ಒಂದನ್ನೂ ಬಿಡಬೇಡ. ವಾಸಿತಿ ಪಕ್ಕದಲ್ಲಿದ್ದರೆ ಅವಳಿಗೂ ಕೇಳಿಸು, ಇದು ಅವಳದೇ ವಿಷಯ. ಹೋದ ತಿಂಗಳು ನೀನು, ‘ಮಗಳನ್ನ ನಿನ್ನ ಹತ್ರ ಕಳಿಸ್ಲೇನೋ?’ ಎಂದು ಕೇಳಿದೆ. ‘ಕಳಿಸಕ್ಕ, ಇಲ್ಲಿ ಎಲ್ಲ ಚೆನ್ನಾಗಿದೆ’ ಎಂದೆ. ಆ ಮಾತು ನಂಬಿ ನೀನು ಅವಳ ಕಾಲೇಜು ಬಿಡಿಸುವ ಮೊದಲು ನಾನು ಅದನ್ನು ವಾಪಸು ತೆಗೆದುಕೊಳ್ಳಬೇಕು.

ಈಗ ಬೆಳಗಿನ ಐದು ಗಂಟೆಯಾಗುತ್ತ ಬಂತು. ಟಿಕೆಟ್ ಗುಡಿಸಲಿನಲ್ಲಿ ಹೀಟರ್ ಮುಂದೆ ಬೂಟು ಒಣಗಿಸುತ್ತ ಕೂತಿದ್ದೇನೆ. ಇನ್ನರ್ಧ ಗಂಟೆಗೆ ಮೇಲೆ ಹೋಗಿ, ಗೆರೆ ಹಾಕಿದ ಕೋಲಿನಲ್ಲಿ ಹಿಮ ಎಷ್ಟು ಬಿದ್ದಿದೆ ನೋಡಿ, ಆರೂವರೆಗೆ ಫೋನಿನಲ್ಲಿ ವರದಿ ಹೇಳಿ ತುಂಬಿಡಬೇಕು. ಕ್ರೈಸ್ಟ್‌ಚರ್ಚಿನಿಂದ, ತಿಮಾರುವಿನಿಂದ ಜನ ಆ ನಂಬರಿಗೆ ಫೋನ್ ಮಾಡಿ, ನನ್ನ ದನಿ ಕೇಳಿ, ಸ್ಕೀ ಹೊತ್ತು ಹೊರಡಬೇಕೋ ಮತ್ತೆ ಮಲಗಬೇಕೋ ಎಂದು ತೀರ್ಮಾನಿಸುತ್ತಾರೆ. ಪಾತ್ರೆ ತೊಳೆಯಲು ಬಂದವನಿಗೆ ಈ ಕೆಲಸ ಸಿಕ್ಕಿದ್ದು ಬೇಗ ಏಳುತ್ತೇನೆ ಎಂಬ ಒಂದೇ ಕಾರಣಕ್ಕೆ.

ಬ್ರೈಡಿ ನಮ್ಮ ಬೆಟ್ಟದ ಯಜಮಾನಿ. ಅರವತ್ತು ದಾಟಿದೆ, ಈಗಲೂ ನನಗಿಂತ ಜೋರಾಗಿ ಇಳಿಜಾರು ಇಳಿಯುತ್ತಾರೆ. ಮೊದಲ ದಿನವೇ ವರದಿಯ ಪಾಠ ಮಾಡಿದರು. ಹಿಮ ಸಾಲದೆ ಕಲ್ಲು ಎದ್ದಿವೆ ಎನ್ನಬಾರದು, ‘ಋತು ಈಗಷ್ಟೇ ಶುರು’ ಎನ್ನಬೇಕು, ಜೂನ್‌ನಲ್ಲಿ ಶುರುವಾದ ಚಳಿಗಾಲ ಮುಗಿಯುತ್ತ ಬಂದ ಆಗಸ್ಟ್ ಆದರೂ ಸರಿ. ಬಿರುಗಾಳಿಗೆ ‘ತಂಪು ಗಾಳಿ’. ಮಂಜುಗಡ್ಡೆ ಎಂಬ ಮಾತಂತೂ ಬಾಯಲ್ಲಿ ಬರಲೇಬಾರದು, ‘ಹಿಮ ಗಟ್ಟಿಯಾಗಿದೆ’, ಅಷ್ಟೇ. ಇಲ್ಲೇ ಬೆಳೆದವರಿಗೆ ಇದರ ಒಳಗುಟ್ಟು ಗೊತ್ತು. ಗಟ್ಟಿ ಎಂದ ಕೂಡಲೇ ಮತ್ತೆ ಹೊದಿಕೆ ಎಳೆದುಕೊಳ್ಳುತ್ತಾರೆ. ನನಗೂ ಈ ಪಾಠ ಕಷ್ಟವಾಗಲಿಲ್ಲ. ನಮ್ಮ ಫಿಜಿಯಲ್ಲಿ ಕೇಳಿದವರಿಗೆ ಇಲ್ಲ ಎನ್ನುವುದು ಮರ್ಯಾದೆಯಲ್ಲವಲ್ಲ. ಬಸ್ ಬರುತ್ತಾ ಎಂದು ಕೇಳಿದ ಪ್ರವಾಸಿಗೆ ಚಿಕ್ಕಪ್ಪ ‘ಬರುತ್ತೆ, ಕೂತ್ಕೊಳ್ಳಿ’ ಎಂದು ಎಳನೀರು ಕೊಟ್ಟು ಕೂರಿಸಿದ್ದು ನೆನಪಿದೆಯಾ? ಬಸ್ಸು ಬಂದದ್ದು ಮಾರನೆಯ ದಿನ. ಆತ ರಾತ್ರಿ ನಮ್ಮ ಚಾಪೆಯ ಮೇಲೇ ಮಲಗಿದ್ದ.

ಮೂರು ವಾರದ ಹಿಂದೆ, ಗುರುವಾರ, ಬೆಟ್ಟದ ಮೇಲೆ ಮಳೆ ಸುರಿಯಿತು. ರಾತ್ರಿಯ ಚಳಿಗೆ ನೆನೆದ ಹಿಮವೆಲ್ಲ ಹೆಪ್ಪುಗಟ್ಟಿ, ಶುಕ್ರವಾರ ಇಳಿಜಾರು ಗಾಜಿನ ಹಾಗಾಗಿತ್ತು. ಅವತ್ತು ಸಂಜೆ ತಿಮಾರುವಿನಿಂದ ಒಬ್ಬ ತಾಯಿ ನೇರವಾಗಿ ಗುಡಿಸಲಿಗೇ ಫೋನ್ ಮಾಡಿದಳು. ಮಗಳಿಗೆ ಎಂಟು ವರ್ಷ, ಸ್ಕೀ ಕಾಲಿಗೆ ಕಟ್ಟಿದವಳೇ ಅಲ್ಲ, ನಾಳೆ ಕರೆತರಬಹುದಾ ಎಂದು ಕೇಳಿದಳು. ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ ಬೇಡ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ‘ಬನ್ನಿ ಬನ್ನಿ, ಹಿಮ ಗಟ್ಟಿಯಾಗಿದೆ’ ಎಂದೆ.

ಶನಿವಾರ ಹುಡುಗಿ ಮೊದಲ ಇಳಿಜಾರಿನಲ್ಲೇ ಜಾರಿ, ನಿಲ್ಲಲಾಗದೆ, ಕೆಳಗಿನ ಬೇಲಿಗೆ ಬಡಿದು ಮಣಿಕಟ್ಟು ಮುರಿದುಕೊಂಡಳು. ಕೈಗೆ ಪಟ್ಟಿ ಕಟ್ಟುವಾಗ ನಾನು ಅವಳ ಪುಟ್ಟ ಸ್ಕೀ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ತಾಯಿ ನನ್ನ ದನಿ ಗುರುತು ಹಿಡಿದಳು. ಬೈಯಲಿಲ್ಲ ಅಕ್ಕ. ‘ಗಟ್ಟಿ ಅಂದ್ರಲ್ಲ ನೀವು. ಗಟ್ಟಿ ಅಂದ್ರೆ ಕಾಲು ನಿಲ್ಲುತ್ತೆ ಅಂದ್ಕೊಂಡೆ’ ಎಂದಳು.

ಮಾರನೆಯ ಬೆಳಿಗ್ಗೆ ನಾನು ತುಂಬಿದ ವರದಿ ಹೀಗಿತ್ತು: ‘ಬೆಟ್ಟವೆಲ್ಲ ಮಂಜುಗಡ್ಡೆ. ಮಧ್ಯಾಹ್ನ ಒಂದರವರೆಗೆ ಯಾರೂ ಬರಬೇಡಿ. ಹೊಸಬರು, ಮಕ್ಕಳು ಇವತ್ತು ಬರಲೇಬೇಡಿ.’ ಭಾನುವಾರ, ಬಿಸಿಲಿನ ದಿನ, ಬಂದದ್ದು ಏಳು ಕಾರು. ಬ್ರೈಡಿ ಗುಡಿಸಲಿನ ಬಾಗಿಲಲ್ಲಿ ನಿಂತು, ‘ಪಕ್ಕದ ಬೆಟ್ಟದವರು ನಿಂಗೆ ಸಂಬಳ ಕೊಡ್ತಿದ್ದಾರಾ, ಸಕಿ?’ ಎಂದರು. ಮುಂದಿನ ಭಾನುವಾರ ಬೆಟ್ಟ ನಡೆಸುವ ಸ್ಕೀ ಸಂಘದ ಸಭೆಯಿದೆ, ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲಿ ನೋಡೋಣ ಎಂದು ಹೋದರು.

ನನ್ನ ಚಾಳಿ ನಿನಗೆ ಗೊತ್ತು. ಒಂದು ಬಿರುಸು ಮಾತು ಬಿದ್ದರೆ ಚೀಲ ಹೆಗಲಿಗೆ. ಸೇಬಿನ ತೋಟ ಹಾಗೇ ಬಿಟ್ಟೆ, ಹಸುವಿನ ಫಾರಂ ಹಾಗೇ ಬಿಟ್ಟೆ. ಅವತ್ತೂ ಚೀಲ ತುಂಬಿದೆ. ನಮ್ಮ ಬೆಟ್ಟದಲ್ಲಿ ಓಡುವ ಹಗ್ಗ ಹಿಡಿದು ಜನ ಮೇಲೆ ಹೋಗುತ್ತಾರೆ. ಆ ಹಗ್ಗದ ಎಂಜಿನ್ ನೋಡಿಕೊಳ್ಳುವ ಮುದುಕ ಮರ್ಡೋ ನನ್ನ ಚೀಲ ನೋಡಿದ. ‘ಹೋಗೋದಾದ್ರೆ ಹೋಗಪ್ಪ. ನಾಳೆ ಕೋಲು ನೋಡ್ಕೊಂಡು ಹೋಗು, ನನ್ನ ಮಂಡಿ ಬೆಟ್ಟ ಹತ್ತಲ್ಲ’ ಎಂದ. ನೋಡಿದೆ. ಅದರ ಮಾರನೆಯ ದಿನವೂ ಅವನ ಮಂಡಿ ಹತ್ತಲಿಲ್ಲ.

ಬುಧವಾರ ನನ್ನ ರಜೆ. ಅರೆದು ಕುಡಿಯಲೆಂದು ನೀನು ಕಳಿಸಿದ್ದ ಒಣ ಯಾಂಗೋನಾ ಬೇರಿನ ಕಟ್ಟು ಹಿಡಿದು ತಿಮಾರುವಿಗೆ ಹೋದೆ. ಆ ಹುಡುಗಿಯ ಮನೆಯ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬೇರನ್ನು ಮುಂದಿಟ್ಟು, ತಲೆ ತಗ್ಗಿಸಿ, ನಮ್ಮ ಹಿರಿಯರು ತಪ್ಪೊಪ್ಪಿಕೊಳ್ಳುವ ಹಾಗೆ ಒಪ್ಪಿಕೊಂಡೆ. ತಾಯಿ ಕಟ್ಟನ್ನು ಎತ್ತಿ ತಿರುಗಿಸಿ ನೋಡಿದಳು. ಆಮೇಲೆ, ಇದನ್ನು ಬಿಸಿಲಲ್ಲಿ ನೆಡಬೇಕೋ ನೆರಳಲ್ಲೋ ಎಂದು ಕೇಳಿದಳು. ಇಬ್ಬರಿಗೂ ನಗು ಬಂತು. ಹುಡುಗಿ ಒಳಗಿನಿಂದ ಬಂದು ಕೈಯ ಪ್ಲಾಸ್ಟರ್ ಮೇಲೆ ಹೆಸರು ಬರೆಯಲು ಜಾಗ ತೋರಿಸಿದಳು.

ವಾರವೆಲ್ಲ ಕಂಡದ್ದನ್ನೇ ಹೇಳಿದೆ. ಮುನ್ಸೂಚನೆ ಮೂವತ್ತು ಸೆಂಟಿಮೀಟರ್ ಎಂದ ದಿನ ಬಿದ್ದದ್ದು ನಾಲ್ಕು. ನಾಲ್ಕು ಎಂದೇ ಹೇಳಿದೆ. ಬ್ರೈಡಿ ಮುಖ ಕೊಟ್ಟು ಮಾತಾಡಲಿಲ್ಲ. ಶುಕ್ರವಾರ ದಕ್ಷಿಣ ಧ್ರುವದ ಕಡೆಯಿಂದ ಚಳಿಗಾಳಿ ಎದ್ದಿತು. ಶನಿವಾರ ಕೋಲಿನಲ್ಲಿ ಇಪ್ಪತ್ತೆರಡು, ಊದಿದರೆ ಹಾರುವಂಥ ಒಣ ಹಿಮ. ‘ಇವತ್ತು ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ’ ಎಂದೆ. ಒಂಬತ್ತಕ್ಕೆಲ್ಲ ಗೇಟಿನಿಂದ ಕೆಳಗಿನ ಸೇತುವೆಯವರೆಗೆ ಕಾರಿನ ಸಾಲು. ಟಿಕೆಟ್ ಕಿಟಕಿಯಲ್ಲಿ ಒಬ್ಬ ಅಜ್ಜ, ‘ಬರಬೇಡಿ ಅಂದೋನು ನೀನೇನಾ? ಅದಕ್ಕೇ ಬಂದೆ’ ಎಂದ. ಬ್ರೈಡಿ ಪಕ್ಕದಲ್ಲೇ ಇದ್ದರು.

ಸಭೆಯಲ್ಲಿ ನನ್ನ ಹೆಸರೇ ಬರಲಿಲ್ಲವಂತೆ. ಸೋಮವಾರ ಬ್ರೈಡಿ ಗಾಳಿ ಅಳೆಯುವ ಪುಟ್ಟ ಯಂತ್ರವೊಂದನ್ನು ಮೇಜಿನ ಮೇಲಿಟ್ಟು, ‘ಜೋರು ಅಂದ್ರೆ ಎಷ್ಟು ಜೋರು? ಹೇಳೋದಾದ್ರೆ ಸರಿಯಾಗಿ ಹೇಳು’ ಎಂದರು.

ಹಾಗಾಗಿ ಇವತ್ತು ನಿನಗೂ ಸರಿಯಾಗಿ ಹೇಳುತ್ತೇನೆ. ಮೊದಲ ಚಳಿಗಾಲ ಎರಡು ತಿಂಗಳು ನಾನು ಹಳೇ ವ್ಯಾನಿನಲ್ಲಿ ಮಲಗಿದೆ. ನಿನಗೆ ಕಳಿಸಿದ ಫೋಟೋದಲ್ಲಿದ್ದ ಮನೆ ಬೇರೆಯವರದು. ಫಾರಂನಲ್ಲಿ ವಾರಗಟ್ಟಲೆ ಮಾತಿಗೆ ಜನವಿಲ್ಲದೆ ಹಸುಗಳನ್ನು ನಮ್ಮ ಭಾಷೆಯಲ್ಲಿ ಬೈದುಕೊಂಡಿದ್ದೆ. ನಮ್ಮವರ ಜೊತೆ ಹಾಡಬೇಕೆಂದರೆ ಚರ್ಚು ನೂರು ಕಿಲೋಮೀಟರ್ ದೂರ. ಇದಕ್ಕೆಲ್ಲ ನಾನು ‘ಚೆನ್ನಾಗಿದೆ’ ಎಂದು ಹೆಸರಿಟ್ಟಿದ್ದೆ. ನಿನ್ನ ಮಗಳು ಆ ಮಾತಿನ ಮೇಲೆ ಕಾಲಿಡುವುದು ಬೇಡ.

ಬರಲೇಬೇಡ ಎನ್ನುತ್ತಿಲ್ಲ. ಈಗ ಬೇಡ. ಈಗ ಬಂದರೆ ತೋಟದ ಕೂಲಿ, ಗುರುತಿಲ್ಲದ ಮನೆ. ವಾಸಿತಿ ಕಾಲೇಜು ಮುಗಿಸಲಿ. ಮುಂದಿನ ಜೂನ್‌ನಲ್ಲಿ ನಮ್ಮ ಅಡುಗೆಮನೆಗೆ ಒಬ್ಬರು ಬೇಕು, ಹೆಂಗಸರ ಕೋಣೆಯಲ್ಲಿ ಒಂದು ಮಂಚ ಖಾಲಿಯಿದೆ. ಕೆಲಸದ ಪತ್ರ ಕೊಡುತ್ತೇನೆ ಎಂದು ಬ್ರೈಡಿ ಹೇಳಿದ್ದಾರೆ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನಾನೂ ಇಲ್ಲೇ ಇರುತ್ತೇನೆ, ಬೇಸಿಗೆಯಲ್ಲಿ ಮರ್ಡೋ ಜೊತೆ ಹಗ್ಗದ ರಾಟೆಗಳ ರಿಪೇರಿ. ಮೊದಲ ತಿಂಗಳು ಅವಳಿಗೆ ಅಳು ಬರುತ್ತದೆ, ಚಳಿಗೆ ಕೈಬೆರಳು ಒಡೆಯುತ್ತವೆ. ಆಮೇಲೆ ಒಂದು ಬೆಳಿಗ್ಗೆ ಹೊಸ ಹಿಮ ಬಿದ್ದಿರುತ್ತದೆ, ಬೆಟ್ಟದ ಮೇಲೆ ಯಾರ ಹೆಜ್ಜೆಯೂ ಇರುವುದಿಲ್ಲ. ಅವತ್ತು ಅವಳನ್ನು ನಾನು ಎಬ್ಬಿಸುತ್ತೇನೆ.

ಹೊರಡುತ್ತೇನೆ, ಆರೂವರೆಗೆ ಜನ ಕಾಯುತ್ತಾರೆ. ನಿನ್ನ ಕೆಸುವಿನ ಗಡ್ಡೆಯೆಲ್ಲ ಮಧ್ಯಾಹ್ನದೊಳಗೆ ಖಾಲಿಯಾಗಲಿ, ಬುಟ್ಟಿ ಹೊರುವ ಬೆನ್ನು ನೋಯದಿರಲಿ, ದೇವರು ನಿಮ್ಮಿಬ್ಬರ ಮೇಲೂ ಕಣ್ಣಿಟ್ಟಿರಲಿ.

ಜೂನ್‌ನಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲಿ ದಪ್ಪ ಕೋಟು ಹಿಡಿದು ನಿಂತಿರುವ,
ನಿನ್ನ ತಮ್ಮ
ಸಕಿಯುಸಾ