ನನ್ನ ಹಳೆಯ ಹಣೆ

ಕೌಲ್ ಬಜಾರ್, ಬಳ್ಳಾರಿ
೬ ಏಪ್ರಿಲ್ ೨೦೨೫

ಮನೆಯವರಿಗೆ, ನಿಮ್ಮ ಕೊಟ್ರಬಸಮ್ಮನ ನಮಸ್ಕಾರ.

ನಿಮ್ಮ ಫೋನು ಹತ್ತುವುದಿಲ್ಲ. ಕುರುಗೋಡಿನ ಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದೀರೆಂದು ನಿಮ್ಮ ಅಕ್ಕ ಗಿಡ್ಡಮ್ಮ ಹೇಳಿದರು. ಅದಕ್ಕೇ ಈ ಕಾಗದ.

ಹಚ್ಚೊಳ್ಳಿ ಕಾಲುವೆ ದಾರಿಯಲ್ಲಿ ಟ್ರ್ಯಾಕ್ಟರ್ ಪಲ್ಟಿಯಾಗಿ ಐದು ತಿಂಗಳಾಯಿತು. ಸಿರುಗುಪ್ಪದಿಂದ ಬಳ್ಳಾರಿಯ ಆಸ್ಪತ್ರೆಗೆ ಕರೆತಂದಾಗ ನನಗೆ ಅರೆಬರೆ ಎಚ್ಚರವಿತ್ತು. ನಮ್ಮ ಅಣ್ಣ ಮರಿಬಸಪ್ಪ ವಾರ್ಡಿನ ಬಾಗಿಲಲ್ಲಿ ನಿಮ್ಮ ಅಂಗಿ ಹಿಡಿದು, "ನೋಡಿ ಓಡಸಾಕ ಬರ್ತಿರ್ಲಿಲ್ಲೇನು? ನನ್ನ ತಂಗಿ ಮಾರಿ ಹಾಳು ಮಾಡಿದಿ. ಇಲ್ಲಿ ನಿಂದ್ರಬ್ಯಾಡ, ಹೋಗು" ಎಂದದ್ದು ಕೇಳಿಸಿತು. ನೀವು ಎದುರಾಡದೆ ಹೊರಟಿರಿ. ನಾನೂ ಕಣ್ಣು ಮುಚ್ಚಿಕೊಂಡೇ ಇದ್ದೆ.

ಮೊದಲ ಆಪರೇಷನ್ನಿನಲ್ಲಿ ಈ ಕಿವಿಯಿಂದ ಆ ಕಿವಿಯವರೆಗೆ ನೆತ್ತಿ ಕೊಯ್ದು, ಬಲಗಣ್ಣಿನ ಸುತ್ತ ಚೂರಾಗಿದ್ದ ಎಲುಬು ಕೂಡಿಸಿದರು. ಕಣ್ಣು ಒಳಗೆ ಕುಸಿಯಬಾರದೆಂದು ತಲೆಬುರುಡೆಯದೇ ಒಂದು ತೆಳ್ಳನೆ ಎಲುಬು ತೆಗೆದು ಅದರ ಕೆಳಗೆ ಇಟ್ಟಿದ್ದಾರೆ. ದೃಷ್ಟಿ ಉಳಿಯಿತು. ಹಣೆಯ ಎಲುಬು ಒಡೆದು ಬಿದ್ದಿದ್ದ ತಗ್ಗು ಮಾತ್ರ ಹಾಗೇ ಇತ್ತು.

ಎರಡನೆಯದಕ್ಕೆ ಮುಂಚೆ ಡಾಕ್ಟರಮ್ಮ ಹಳೆಯ ಫೋಟೊ ಕೇಳಿದರು. ನನ್ನ ಫೋನು ಕಾಲುವೆ ಪಾಲಾಗಿದೆ. ಮದುವೆ ಫೋಟೊದಲ್ಲಿ ಹಣೆ ತುಂಬ ಬಾಸಿಂಗ. "ಹಣಿ ಮೊದಲ ಹೆಂಗಿತ್ತಮ್ಮ? ಉಬ್ಬಿತ್ತೇನು, ಚಪ್ಪಟಿ ಇತ್ತೇನು? ಯಾರನ್ನರ ಕೇಳ್ರಿ" ಎಂದರು. ಅಣ್ಣನಿಗೆ ನೆನಪಿಲ್ಲ. ನನಗೇ ಗೊತ್ತಿಲ್ಲ. ಕಡೆಗೆ ಅಂದಾಜಿನ ಮೇಲೆ ಆ ತಗ್ಗಿಗೆ ಜಾಲರಿಯಂಥ ತಗಡು ಕೂರಿಸಿದರು.

ಡಾಕ್ಟರಮ್ಮನಿಗೆ ಇನ್ನೂ ತೋರಿಸಿಕೊಳ್ಳುವುದಿದೆ. ಅದಕ್ಕೆ, ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ಚಾಂದಬೀಯವರ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಕಟ್ಟು ಬಿಚ್ಚಿದ ದಿನ ಅವರು "ಛಲೋ ಆಗೇತಿ ಬೇಟಿ" ಎಂದರು. ಮೊದಲಿನ ನನ್ನನ್ನು ಅವರು ಕಂಡವರೇ ಅಲ್ಲ. ಬೀದಿ ತುಂಬ ಜನ, ಆಟೋಗಳ ಗದ್ದಲ. ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ. ಕನ್ನಡಿಯಲ್ಲಿ ಯಾರೋ ಒಬ್ಬ ಹೆಂಗಸು ತಲೆ ಬಾಚಿಕೊಳ್ಳುತ್ತಾಳೆ, ನಾನು ನೋಡುತ್ತೇನೆ.

ಹಣೆ ಮೊದಲಿನ ಹಾಗೆ ಬಂದಿದೆಯೋ ಇಲ್ಲವೋ ಹೇಳಬಲ್ಲವರು ನೀವೊಬ್ಬರೇ. ಒಮ್ಮೆ ಬಂದು ನೋಡಿ. ಇರಲೇಬೇಕೆಂದು ಒತ್ತಾಯಿಸುವುದಿಲ್ಲ.

ನಿಮ್ಮ ದಾರಿ ಕಾಯುವ
ಕೊಟ್ರಬಸಮ್ಮ

ತಾ.ಕ.: ಇಷ್ಟು ಬರೆದ ಮೇಲೂ ಮನಸ್ಸು ತಡೆಯಲಿಲ್ಲ. ಚಾಂದಬೀಯವರ ಫೋನಿನಿಂದ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಕಲಿಯುತ್ತೇನೆಂದು ಹಟ ಹಿಡಿದು ಅವತ್ತು ಟ್ರ್ಯಾಕ್ಟರ್ ಓಡಿಸಿದವಳು ನಾನು, ನೀವು ಪಕ್ಕದಲ್ಲಿ ಕೂತಿದ್ದಿರಿ, ನನ್ನ ಹಣೆ ಒಡೆದದ್ದು ಸ್ಟೇರಿಂಗ್ ಬಡಿದು ಎಂದೆ. ಅಣ್ಣ, "ನಾನಽ ಕುರುಗೋಡಿಗೆ ಹೋಗಿ ಕೈ ಮುಗಿತೀನಿ" ಅಂದ. ಬೇಡ, ಮೊದಲು ಕೈ ಮುಗಿಯಬೇಕಾದವಳು ನಾನು ಅಂದೆ.