ಹುಳುಮನೆಯಲ್ಲಿ ತೂಗುಹಾಕಿದ ಅಂಗಿ

ಹೊಂಗನೂರು
೧೭-೧೧-೨೦೨೫, ಸೋಮವಾರ

ನನ್ನ ಚಿನ್ನದಂಥ ಭಾನುಗೆ, ನಿಮ್ಮವ್ವ ಮಾಡುವ ಆಶೀರ್ವಾದ.

ಫೋನಿನಲ್ಲಿ ನೀನು ಬಿಡಿಸಿ ಬಿಡಿಸಿ ಹೇಳುತ್ತೀಯ, ನಾನು ಹೂಂ ಹೂಂ ಅಂತೀನಿ, ಇಟ್ಟ ಮೇಲೆ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಕೈ, ತಪ್ಪಿದ್ದರೆ ನಗಬೇಡ.

ಟ್ರೈನಿಂಗ್ ಮುಗಿಯಿತು, ಕೈಗಾದಲ್ಲಿ ರಿಯಾಕ್ಟರ್ ಕಡೆಯ ಕೆಲಸವೋ ಆಚೆ ಸ್ಟೋರಿನ ಕೆಲಸವೋ ತಿಂಗಳ ಕೊನೆಯೊಳಗೆ ಹೇಳಬೇಕು, "ನೀನು ಒಪ್ಪದೆ ರಿಯಾಕ್ಟರ್ ಕಡೆಗೆ ಹೋಗಲ್ಲ ಕಣವ್ವ" ಅಂದೆಯಲ್ಲ, ಅವತ್ತಿನಿಂದ ನನಗೆ ಅದೇ ಯೋಚನೆ. ನಿನ್ನ ಕೆಲಸ ಏನೆಂದೇ ಸರಿಯಾಗಿ ಗೊತ್ತಾಗಿಲ್ಲ. ಕರೆಂಟು ಮಾಡುವುದೂ ಅಲ್ಲ, ಮಿಷನ್ ರಿಪೇರಿಯೂ ಅಲ್ಲ. ಮೀಟರು ಹಿಡಿದು ವಿಕಿರಣ ಅಳೆಯುವುದು, ನೀನು ಸರಿ ಅಂದ ಮೇಲೇ ರಿಪೇರಿಯವರು ಒಳಗೆ ಕಾಲಿಡಬೇಕು ಅಂದೆ. ಅಂದರೆ ಎಲ್ಲರಿಗಿಂತ ಮೊದಲು ನೀನು!

ನಿಮ್ಮ ದೊಡ್ಡಪ್ಪ ದೊಡ್ಡಹನುಮಯ್ಯನವರು ಬೇರೆ ಜಗಲಿ ಮೇಲೆ ಕೂತು, "ವರ್ಸಕ್ಕೊಂದ್ ದಪ ಎಕ್ಸರೇ ತೆಗೆಸಿದ್ರೇ ಒಳ್ಳೇದಲ್ವಂತೆ, ಇವ್ಳು ಎಕ್ಸರೇ ಒಳ್ಗೇ ಸಂಸಾರ ಮಾಡ್ತಾಳಾ?" ಅಂದರು. ನಿಮ್ಮಪ್ಪ, "ಸುಮ್ಕಿರಣ್ಣ, ಅಲ್ಲಿ ಎಲ್ಲಾಕೂ ಅಳ್ತೆ ಐತೆ" ಅಂದರು. ಯಾರ ಮಾತು ನಂಬಲಿ?

ಅದಕ್ಕೆ ನಾನೊಂದು ಕೆಲಸ ಮಾಡಿದೆ, ಬೈಯಬೇಡ. ಹಬ್ಬಕ್ಕೆ ಬಂದಾಗ ನೀನು ಬಿಟ್ಟುಹೋದ ನೀಲಿ ಅಂಗಿಯನ್ನು ಹುಳುಮನೆಯಲ್ಲಿ ಹುಳ ಮೇಯುವ ಒಂದು ತಟ್ಟೆಯ ಮೇಲ್ಗಡೆ ತೂಗುಹಾಕಿದೆ. ರೇಷ್ಮೆ ಹುಳಕ್ಕಿಂತ ಸೂಕ್ಷ್ಮ ಯಾವುದಿದೆ? ಊದುಬತ್ತಿ ವಾಸನೆಗೆ ಸೊಪ್ಪು ತಿನ್ನುವುದು ಬಿಡುತ್ತವೆ, ಹೊಗೆಸೊಪ್ಪು ಮುಟ್ಟಿದ ಕೈಗೆ ಸಾಯುತ್ತವೆ. ಅಂಗಿಯಲ್ಲಿ ಏನಾದರೂ ಇದ್ದರೆ ಅವೇ ಹೇಳಲಿ ಅಂದುಕೊಂಡೆ. ಆ ತಟ್ಟೆಯವು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಗಬಗಬ ತಿಂದು, ಹಣ್ಣಾಗಿ, ಬಿದಿರಿನ ಚಂದ್ರಂಕಿ ಹತ್ತಿ ಗಟ್ಟಿ ಗೂಡು ಕಟ್ಟಿದವು. ಬಾಗಿಲ ಪಕ್ಕದ ತಟ್ಟೆಗೆ ಮಾತ್ರ ಹಾಲುತೊಂಡೆ ರೋಗ ಬಿತ್ತು. ಇದಕ್ಕೇನು ಅರ್ಥ ಎಂದು ತಲೆ ಕೆಟ್ಟುಹೋಯಿತು. ಆಮೇಲೆ ಹೊಳೆಯಿತು: ನಿನ್ನ ಚಿಂತೆಯಲ್ಲಿ ನಾನೇ ಕಾಲು ತೊಳೆಯದೆ, ರೋಗ ಒಳಗೆ ಬಾರದಂತೆ ಹೊಸಿಲಲ್ಲಿ ಹಾಕಿದ ಸುಣ್ಣ ತುಳಿಯದೆ ಒಳಗೆ ಹೋಗಿದ್ದೆ.

ನಿನ್ನೆ ದೊಡ್ಡಪ್ಪ ಟೊಮೆಟೊಗೆ ಔಷಧಿ ಹೊಡೆದ ಕೈಯಲ್ಲೇ, ಇನ್ನೂ ಹಣ್ಣಾಗದ ತಟ್ಟೆಗಳ ಹುಳ ನೋಡಲು ಬಂದರು. ಎಂದೂ ಅವರ ಎದುರು ನಿಂತು ಮಾತಾಡಿದವಳಲ್ಲ, ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. "ಸ್ನಾನ ಮಾಡ್ಕಂಡ್ ಬನ್ನಿ ಭಾವ, ಇಲ್ದಿದ್ರೆ ಆಚೇನೇ ಇರಿ" ಅಂದೆ. "ಎಲಾ ಇವ್ಳಾ! ಮಗ್ಳು ಅಲ್ಲಿ ಬಾಗ್ಲು ಕಾಯ್ತಾಳೆ, ಅವ್ವ ಇಲ್ಲಿ" ಅಂತ ನಗುತ್ತಾ ಹೋದರು. ನನಗೆ ನಗು ಬರಲಿಲ್ಲ. ನಿನ್ನ ಕೆಲಸ ಇದೇನಾ ಭಾನು? ದೊಡ್ಡವರನ್ನೂ ತಡೆದು ನಿಲ್ಲಿಸುವುದು? ಹಾಗಿದ್ದರೆ ಒಸಿ ಅರ್ಥವಾಯಿತು. ಪೂರ್ತಿ ಅನ್ನಲಾರೆ.

ಹೂಂ. ರಿಯಾಕ್ಟರ್ ಕಡೆಗೇ ಹೋಗು.

ನಿಮ್ಮವ್ವ,
ಅಂಕಮ್ಮ

ಮರೆತ ಮಾತು: ಅಂಗಿ ಮಡಚುವಾಗ ನಿಮ್ಮಪ್ಪ ಹುಳದ ಪರೀಕ್ಷೆಯ ಸಂಗತಿ ಕೇಳಿ ನಕ್ಕರು. ರಿಯಾಕ್ಟರ್ ಒಳಗೆ ಹಾಕುವ ಬಟ್ಟೆ ಅಲ್ಲೇ ಬಿಚ್ಚಿಡಬೇಕಂತೆ, ಊರಿಗೆ ಬರುವುದೇ ಇಲ್ಲವಂತೆ. ಇದು ನೀನು ಕ್ಲಾಸಿಗೆ ಹಾಕುತ್ತಿದ್ದ ಅಂಗಿಯಂತೆ. ಹಾಗಾದರೆ ನನ್ನ ಹುಳಗಳು ಪರೀಕ್ಷೆ ಮಾಡಿದ್ದು ಏನನ್ನು? ಮೇಲೆ ಬರೆದ ಹೂಂ ಹೊಡೆದುಹಾಕಲು ಪೆನ್ನು ಎತ್ತಿದೆ, ಮನಸ್ಸು ಬರಲಿಲ್ಲ. ನೀನು ಮಾತ್ರ, ನನ್ನ ಚಿಂತೆ ಬಂದ ದಿನವೂ, ಕಾಲು ತೊಳೆಯದೆ ಒಳಗೆ ಹೋಗಬೇಡ.